ಕೆಂಪು ಶಾಯಿ, ಮೊಸಳೆ ಕಣ್ಣೀರು

ಇಂಗ್ಲಿಷ್ ನುಡಿಗಟ್ಟುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಕೈಪಿಡಿಗಳು ನಮ್ಮ ಮಕ್ಕಳ ಚೀಲಗಳಲ್ಲಿವೆ. ಹೆಚ್ಚಿನವುಗಳ ದೋಷ ಒಂದೇ: ಪದಕ್ಕೆ ಪದವಿಟ್ಟರೆ ಅರ್ಥ ಬಂದೀತೆಂಬ ನಂಬಿಕೆ. ಒಂದರಲ್ಲಿ 'ಇನ್ ದ ರೆಡ್' ಎಂಬುದಕ್ಕೆ 'ಕೆಂಪಿನಲ್ಲಿರುವುದು, ಅಪಾಯದಲ್ಲಿರುವುದು' ಎಂದಿತ್ತು. ಹಳೆಯ ಲೆಡ್ಜರುಗಳನ್ನು ಕಂಡ ನನ್ನಂಥ ಬ್ಯಾಂಕ್ ಗುಮಾಸ್ತನಿಗೆ ನಗು ಬಂತು. ಖಾತೆಯಲ್ಲಿ ಇದ್ದುದಕ್ಕಿಂತ ತೆಗೆದದ್ದು ಹೆಚ್ಚಾದರೆ ಆ ಬಾಕಿಯನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಸಾಲ, ನಷ್ಟ ಎಂಬುದೇ ಅದರ ಅರ್ಥ. ಕೈಪಿಡಿಕಾರರಿಗೆ ಬಣ್ಣ ಕಂಡಿದೆ, ಶಾಯಿ ಕಂಡಿಲ್ಲ.

ತಂದ ಮಾತೆಲ್ಲ ಕೆಟ್ಟದ್ದೆಂದಲ್ಲ. 'ಮೊಸಳೆ ಕಣ್ಣೀರು' ಈಗ ನಮ್ಮದೇ. ಮಲಯಾಳದಲ್ಲೂ 'ಮುದಲಕ್ಕಣ್ಣೀರ್' ಇದೆ. ಎರಡು ಹಕ್ಕಿ ಹೊಡೆಯಲು ಇಂಗ್ಲಿಷರಂತೆ ನಾವೂ ಕಲ್ಲೆಸೆದರೆ, ಮಲಯಾಳಿಗಳು 'ಒರು ವೆಡಿಕ್ಕು ರಂಡು ಪಕ್ಷಿ' ಎಂದು ಕೋವಿಯನ್ನೇ ಎತ್ತಿಕೊಂಡಿದ್ದಾರೆ! ಆದರೆ 'ಬ್ರೇಕ್ ದ ಐಸ್'? ಹೆಪ್ಪುಗಟ್ಟಿದ ನೀರನ್ನೊಡೆದು ಹಡಗು ಸಾಗಿಸುವ ನಾಡಿನ ಮಾತದು. ಚಂದ್ರಗಿರಿ ಹೊಳೆಯ ದಡದವರಿಗೆ 'ಸಂಕೋಚ ಬಿಡಿಸುವುದು' ಎಂದರೆ ಸಾಲದೇ?

ಗಡಿನಾಡಿನ ಮಗುವಿಗೆ ಪೇಟೆಯಲ್ಲಿ, ಕಚೇರಿಯಲ್ಲಿ ಕನ್ನಡ ಕಿವಿಗೆ ಬೀಳುವುದು ಕಡಿಮೆ; ಪುಸ್ತಕದಲ್ಲಿರುವುದನ್ನೇ ಅದು ಕನ್ನಡವೆಂದು ನಂಬುತ್ತದೆ. ಹೊಸ ಗೆಳತಿಯನ್ನು ಮಾತನಾಡಿಸಿ ಬಂದ ನನ್ನ ಮಗಳು ಮೊನ್ನೆ, "ಅಜ್ಜೀ, ನಾನೇ ಮೊದಲು ಮಂಜುಗಡ್ಡೆ ಒಡೆದೆ" ಎಂದಳು. ಅಜ್ಜಿ ಎದ್ದುಹೋಗಿ ಫ್ರಿಜ್ಜಿನ ಬಾಗಿಲು ತೆರೆದು ನೋಡಿದರು.