ಕೈಗೆ ಬಂದ ಮುಪ್ಪು, ಅಂಗಡಿಗೆ ಬಂದ ಮದ್ದು

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆ ಭತ್ತದ ಸಸಿ ಹಚ್ಚಲು ಗದ್ದೆಗೆ ಇಳಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ ತೊಟ್ಟಿರುತ್ತಾರೆ. ಆ ತೋಳು ಮಣಿಕಟ್ಟಿನವರೆಗೆ ಬಂದು ನಿಲ್ಲುತ್ತದೆ. ನಲವತ್ತೈದು ದಾಟಿದ ಯಾರಾದರೂ ಅದನ್ನು ಮೊಣಕೈವರೆಗೆ ಮಡಚಿದರೆ ಒಂದೇ ಕೈಯಲ್ಲಿ ಎರಡು ವಯಸ್ಸು ಕಾಣುತ್ತದೆ. ಅಂಗಿಯ ಅಡಿಯ ಚರ್ಮ ಇನ್ನೂ ಬಿಗಿಯಾಗಿ, ಒಂದೇ ಬಣ್ಣದಲ್ಲಿರುತ್ತದೆ. ಮಣಿಕಟ್ಟಿನಿಂದ ಆಚೆಗೆ ಸುಕ್ಕು, ಕಪ್ಪು ಚುಕ್ಕೆ, ಉಬ್ಬಿದ ನರ. ಎರಡೂ ಭಾಗ ಒಂದೇ ದಿನ ಹುಟ್ಟಿದವು, ಒಂದೇ ಅನ್ನ ಉಂಡವು. ಕೈಗೆ ಬಂದ ಮುಪ್ಪಿನಲ್ಲಿ ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಕೈಗಳಿಗೆ ಮತ್ತೆ ಯೌವನ ತರುತ್ತೇವೆ ಎನ್ನುವ ಸೌಂದರ್ಯ ಚಿಕಿತ್ಸೆಯನ್ನು ತೂಗಿ ನೋಡಬೇಕಾದದ್ದು ಈ ಉತ್ತರದ ಮೇಲೆ. ಮಹಾನಗರಗಳ ಕ್ಲಿನಿಕ್ಕುಗಳಲ್ಲಿ ಅದು ಚುಚ್ಚುಮದ್ದು ಮತ್ತು ಲೇಸರ್ ರೂಪದಲ್ಲಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಔಷಧ ಅಂಗಡಿಯ ಟ್ಯೂಬಿನ, ಬ್ಯೂಟಿ ಪಾರ್ಲರಿನ ಬ್ಲೀಚಿನ, ಮೊಬೈಲಿನಲ್ಲಿ ನೋಡಿದ ಮನೆಮದ್ದಿನ ರೂಪದಲ್ಲಿದೆ. ಎರಡರ ಭರವಸೆಯೂ ಒಂದೇ. ಎರಡರಿಂದ ಆಗುವ ಹಾನಿ ಮಾತ್ರ ಬೇರೆ ಬೇರೆ.

ಮೊದಲು ಕೈಯ ರಚನೆ. ಅಂಗೈ ಚರ್ಮ ದಪ್ಪ. ಅದರ ಹಿಂಬದಿಯ ಚರ್ಮ ತೆಳು, ಅದರಡಿ ಕೊಬ್ಬಿನ ಪದರ ಬಹಳ ಕಡಿಮೆ, ಚರ್ಮವನ್ನು ಜಿಡ್ಡಾಗಿಡುವ ಗ್ರಂಥಿಗಳು ಮುಖದಲ್ಲಿರುವಷ್ಟು ಇಲ್ಲ. ವಯಸ್ಸಾದಂತೆ ಇರುವ ಅಲ್ಪ ಕೊಬ್ಬೂ ಕರಗುತ್ತದೆ. ಆಗ ಬೆರಳುಗಳ ಕಡೆಗೆ ಹೋಗುವ ಸ್ನಾಯುರಜ್ಜುಗಳೂ ನೀಲಿ ರಕ್ತನಾಳಗಳೂ ಎದ್ದು ಕಾಣುತ್ತವೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಯೌವನ ಕಳೆದ ಮೇಲೆ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಇದಿಷ್ಟು ಎಲ್ಲರಿಗೂ ಬರುವ ಮುಪ್ಪು, ತಪ್ಪಿಸಲಾಗದ್ದು. ಇದರ ಮೇಲೆ ಬಿಸಿಲು ಬೀಳುತ್ತದೆ. ಸೂರ್ಯನ ನೇರಳಾತೀತ ಕಿರಣ ಚರ್ಮದೊಳಗಿಳಿದು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ, ಬಣ್ಣ ತಯಾರಿಸುವ ಕೋಶಗಳನ್ನು ಕೆರಳಿಸುತ್ತದೆ. ನಮ್ಮಂಥ ಕಂದು ಚರ್ಮಕ್ಕೆ ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುತ್ತದೆ, ಸಣ್ಣ ಸುಕ್ಕುಗಳು ತಡವಾಗಿ ಬರುತ್ತವೆ. ಆದರೆ ಕಪ್ಪು ಕಲೆ, ಮಚ್ಚೆಗಳು ಮೊದಲೇ ಬರುತ್ತವೆ. ಚಿಕಿತ್ಸೆಗಳನ್ನು ಅಳೆಯುವಾಗ ಈ ಮಾತು ಮುಖ್ಯವಾಗುತ್ತದೆ.

ನಮ್ಮ ಜಿಲ್ಲೆಯ ಕೈಗಳಿಗೆ ಬಿಸಿಲೊಂದೇ ಶತ್ರುವಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಗಂಗಾವತಿ ಭತ್ತದ ಕಣಜವಾಯಿತು. ಸಸಿ ಹಚ್ಚುವ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಕೈ ಕೆಸರುನೀರಿನಲ್ಲೇ ಇರುತ್ತದೆ. ನೆನೆದ ಚರ್ಮ ತನ್ನ ಕಾವಲನ್ನು ಕಳೆದುಕೊಳ್ಳುತ್ತದೆ, ಉಗುರಿನ ಬುಡದಲ್ಲಿ ಶಿಲೀಂಧ್ರ ಸೇರಿ ಉಗುರುಸುತ್ತು ಕಟ್ಟುತ್ತದೆ. ಮನೆಗೆ ಬಂದರೆ ಪಾತ್ರೆ, ಬಟ್ಟೆ, ಸಾಬೂನಿನ ಪುಡಿ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲಗಳಲ್ಲಿ ಕಷ್ಟ ಇನ್ನೊಂದು ಬಗೆ. ಅಲ್ಲಿ ಒಣಗಾಳಿ, ಹತ್ತಿ ಬಿಡಿಸುವಾಗ ಬೆರಳಿಗೆ ಚುಚ್ಚುವ ಕಾಯಿಯ ತುದಿ, ದಾಳಿಂಬೆ ಗಿಡದ ಮುಳ್ಳು. ಎರಡೂ ಕಡೆ ಬದುವಿನ ತುಂಬ ಕಾಂಗ್ರೆಸ್ ಕಸ. ಅದು ಒಗ್ಗದವರಿಗೆ ಮುಖ, ಕುತ್ತಿಗೆ, ಕೈಗಳ ಮೇಲೆ ಕೆರೆತ ಹುಟ್ಟಿ, ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ, ಕಪ್ಪಾಗಿ, ಗೆರೆಗಳು ಆಳವಾಗುತ್ತವೆ. ನೋಡಿದವರು ಅದನ್ನು ಮುಪ್ಪೆಂದು ತಿಳಿಯುತ್ತಾರೆ. ಅದು ಮುಪ್ಪಲ್ಲ, ಕಾಯಿಲೆ. ವಾಸಿ ಮಾಡಬಹುದಾದ ಅಥವಾ ಕನಿಷ್ಠ ಹಿಡಿತಕ್ಕೆ ತರಬಹುದಾದ ಕಾಯಿಲೆ. ಕೈಯ ಚೆಲುವಿನ ಬಗ್ಗೆ ಬರುವ ಬರಹಗಳು, ಜಾಹೀರಾತುಗಳು ಈ ಭೇದವನ್ನೇ ಹೇಳುವುದಿಲ್ಲ. ನನ್ನ ಮೊದಲ ತಕರಾರು ಇದು.

ಕೊಪ್ಪಳದ ಪಕ್ಕದ ಭಾಗ್ಯನಗರ ಈ ಕಥೆಗೆ ಇನ್ನೊಂದು ಮಗ್ಗುಲು ಸೇರಿಸುತ್ತದೆ. ಬಾಚಣಿಗೆಯಲ್ಲಿ ಉದುರಿ ಉಳಿದ ಕೂದಲನ್ನು ಪಾತ್ರೆ ಮಾರುವವರು ಊರೂರು ತಿರುಗಿ ಸಂಗ್ರಹಿಸುತ್ತಾರೆ, ಅದು ಇಲ್ಲಿಗೆ ಬರುತ್ತದೆ. ಹೆಂಗಸರು ಕೂತು ಸೂಜಿಯಿಂದ ಸಿಕ್ಕು ಬಿಡಿಸುತ್ತಾರೆ, ತೊಳೆಯುತ್ತಾರೆ, ಉದ್ದದ ಪ್ರಕಾರ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ದೂರದ ದೇಶಗಳಲ್ಲಿ ಅದು ವಿಗ್ ಆಗಿ ಯಾರದೋ ತಲೆಗೆ ವಯಸ್ಸು ಮರೆಸುವ ಚೆಲುವು ಕೊಡುತ್ತದೆ. ಆ ಚೆಲುವನ್ನು ಬಿಡಿಸಿ ಕೊಟ್ಟ ಬೆರಳುಗಳಿಗೆ ಧೂಳು, ಸೂಜಿಯ ಮೊನೆ, ಸಾಬೂನಿನ ನೀರು ಸಿಗುತ್ತವೆ. ಸೌಂದರ್ಯದ ಉದ್ಯಮವನ್ನು ವಿಮರ್ಶಿಸುವವರು ಕೊಳ್ಳುವವರ ಕೈಯನ್ನಷ್ಟೇ ನೋಡಿದರೆ ಸಾಲದು.

ಈಗ ಮಾರಾಟದಲ್ಲಿರುವ ಮದ್ದುಗಳಿಗೆ ಬರೋಣ. ನಮ್ಮ ಊರುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಅತ್ಯಂತ ಸುಲಭವಾಗಿ ಸಿಗುವ ಟ್ಯೂಬು. ಕಲೆ ಹೋಗಲಿ, ಬಣ್ಣ ತಿಳಿಯಾಗಲಿ ಎಂದು ಕೇಳಿದವರಿಗೆ ಕೌಂಟರಿನಲ್ಲಿ ಚೀಟಿಯಿಲ್ಲದೆ ಕೊಡುವ ಕ್ರೀಮುಗಳಲ್ಲಿ ಹಲವು ಮೂರು ಔಷಧಗಳ ಮಿಶ್ರಣ: ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಒಂದು ಸ್ಟೀರಾಯ್ಡ್. ಈ ಜೋಡಣೆ ಹೊಸದಲ್ಲ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಹೋದ್ಯೋಗಿ 1975ರಲ್ಲಿ ಇದನ್ನು ಪ್ರಕಟಿಸಿದರು. ವೈದ್ಯರ ಕಣ್ಗಾವಲಿನಲ್ಲಿ, ಕೆಲವು ವಾರಗಳ ಮಟ್ಟಿಗೆ ಬಳಸಬೇಕಾದ ಮದ್ದು ಅದು. ಅದೇ ಇಲ್ಲಿ ಸ್ನೋ, ಪೌಡರಿನ ಪಕ್ಕದಲ್ಲಿ ಕೂತು ದಿನವೂ ಹಚ್ಚುವ ಕ್ರೀಮಾಗಿದೆ.

ಸ್ಟೀರಾಯ್ಡ್ ಹಚ್ಚಿದ ಮೊದಲ ವಾರಗಳಲ್ಲಿ ಕೈ ನಿಜವಾಗಿಯೂ ತಿಳಿಯಾಗುತ್ತದೆ. ರಕ್ತನಾಳ ಕುಗ್ಗುತ್ತದೆ, ಬಣ್ಣದ ಉತ್ಪಾದನೆ ತಗ್ಗುತ್ತದೆ, ಕೆರೆತ ನಿಲ್ಲುತ್ತದೆ. ಹಚ್ಚಿದವರಿಗೆ ನಂಬಿಕೆ ಹುಟ್ಟುವುದು ಆಗಲೇ, ಅವರು ಪಕ್ಕದ ಮನೆಯವರಿಗೂ ಹೇಳುವುದು ಆಗಲೇ. ತಿಂಗಳುಗಟ್ಟಲೆ ಮುಂದುವರಿದರೆ ಚರ್ಮ ತೆಳುವಾಗುತ್ತದೆ, ಕೊಲಾಜೆನ್ ನಶಿಸುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಸಣ್ಣ ಪೆಟ್ಟಿಗೂ ಚರ್ಮ ಕಿತ್ತುಬರುತ್ತದೆ. ಮುಪ್ಪು ಕೈಗೆ ಏನು ಮಾಡುತ್ತದೋ ಅದನ್ನೇ ಈ ಕ್ರೀಮು ಬೇಗ ಮಾಡಿ ಮುಗಿಸುತ್ತದೆ. ಬಿಟ್ಟರೆ ಬಣ್ಣ ಮೊದಲಿಗಿಂತ ಕಪ್ಪಾಗಿ ಮರಳುತ್ತದೆ, ಹಾಗಾಗಿ ಬಿಡುವ ಧೈರ್ಯವೂ ಬರುವುದಿಲ್ಲ. ಹುಳುಕಡ್ಡಿಯ ಮೇಲೆ ಹಚ್ಚಿದವರಲ್ಲಿ ಅದು ಗುರುತೇ ಸಿಗದಂತೆ ಹಬ್ಬುತ್ತದೆ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿಯುತ್ತ ಹಚ್ಚಿಕೊಂಡರೆ ಅಳಿಸಲಾಗದ ನೀಲಿಗಪ್ಪು ಕಲೆ ಕೂರುವುದುಂಟು. ಯುರೋಪಿನಲ್ಲಿ ಚರ್ಮ ಬಿಳುಪಿಸುವ ಸೌಂದರ್ಯ ಸಾಧನಗಳಿಂದ ಅದನ್ನು 2001ರಲ್ಲೇ ಹೊರಗಿಟ್ಟರು. ನಮ್ಮ ಕೇಂದ್ರ ಸರ್ಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಅಧಿಸೂಚನೆ ಹೊರಡಿಸಿತು. ಕಾನೂನು ಕಾಗದದಲ್ಲಿದೆ. ಕೇಳಿದವರ ಕೈಗೆ ಟ್ಯೂಬು ಬರುವುದು ನಿಂತಿಲ್ಲ. ಹಾಗೆಂದು ಸ್ಟೀರಾಯ್ಡನ್ನೇ ವಿಷವೆನ್ನುವುದು ಅನ್ಯಾಯ. ಕೈಯ ಇಸುಬಿಗೆ, ಕಾಂಗ್ರೆಸ್ ಕಸದ ಕೆರೆತಕ್ಕೆ ವೈದ್ಯರು ದಿನ ಎಣಿಸಿ ಬರೆದುಕೊಟ್ಟರೆ ಅದು ಒಳ್ಳೆಯ ಮದ್ದು. ಆ ಎಣಿಕೆ ಕೌಂಟರಿನಲ್ಲಿ ಸಿಗುವುದಿಲ್ಲ.

ಇನ್ನು ಹೆಸರು ಗೊತ್ತಿಲ್ಲದ ಕಂಪನಿಗಳ ಬಿಳಿಕ್ರೀಮುಗಳು. ಕೆಲವುಗಳಲ್ಲಿ ಪಾದರಸ ಇರುತ್ತದೆ. ಪಕ್ಕದ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ವೈದ್ಯರೇ ವರದಿ ಮಾಡಿದ್ದಾರೆ. ತಯಾರಕರ ವಿಳಾಸ, ಒಳಗೇನಿದೆ ಎಂಬ ಪಟ್ಟಿ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ ಎನ್ನುವುದಕ್ಕೆ ಇಷ್ಟು ಸಾಕು.

ಮನೆಮದ್ದಿನಲ್ಲಿ ನಿಂಬೆಹಣ್ಣು ತಿಕ್ಕುವುದನ್ನು ಖಂಡಿತ ಬಿಡಬೇಕು. ನಿಂಬೆಯ ರಸ ಅಂಟಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತಾಗಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಪಟ್ಟೆ ಬೀಳುತ್ತದೆ. ಮದುವೆಗಳಲ್ಲಿ ಬೇಗ ಕಪ್ಪಾಗಲೆಂದು ರಾಸಾಯನಿಕ ಬೆರೆಸಿದ ಕೋನ್ ಮೆಹೆಂದಿಯೂ ಹಾಗೆಯೇ, ಕೆಲವರಿಗೆ ಬೊಬ್ಬೆ ಏಳಿಸುತ್ತದೆ. ಹಿತ್ತಲಿನ ಗೋರಂಟಿ ಸೊಪ್ಪನ್ನು ಅರೆದು ಹಚ್ಚುವುದರಲ್ಲಿ ಈ ಭಯವಿಲ್ಲ.

ದೊಡ್ಡ ಊರಿನ ದುಬಾರಿ ಚಿಕಿತ್ಸೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕರಗಿದ ಕೊಬ್ಬಿನ ಜಾಗಕ್ಕೆ ತುಂಬುವ ಫಿಲ್ಲರ್ ಚುಚ್ಚುಮದ್ದನ್ನು ಕೈಗೆ ಬಳಸಲು ಅಮೆರಿಕದ ಔಷಧ ನಿಯಂತ್ರಕರು 2015ರಲ್ಲಿ ಮೊದಲ ಬಾರಿ ಒಪ್ಪಿದರು. ನುರಿತವರು ಮಾಡಿದರೆ ನರಗಳು ಮರೆಯಾಗಿ ಕೈ ತುಂಬಿಕೊಂಡಂತೆ ಕಾಣುತ್ತದೆ. ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಒಂದೆರಡು ವರ್ಷದೊಳಗೆ ಕರಗುತ್ತದೆ, ಮತ್ತೆ ಚುಚ್ಚಬೇಕು, ಖರ್ಚು ಹತ್ತಾರು ಸಾವಿರ. ಉದ್ಯೋಗ ಖಾತ್ರಿಯಲ್ಲಿ 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ ಇತ್ತು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಕಲೆಗಳಿಗೆ ಲೇಸರ್ ಇದೆ, ಆದರೆ ಕಂದು ಚರ್ಮಕ್ಕೆ ಅದರ ಶಾಖ ಹೆಚ್ಚಾದರೆ ಹೋದ ಕಲೆಯ ಜಾಗದಲ್ಲಿ ಇನ್ನೂ ದೊಡ್ಡ ಕಲೆ ಬರುತ್ತದೆ. ಅದನ್ನು ಮಾಡಿಸಿಕೊಳ್ಳುವವರು ಚರ್ಮತಜ್ಞರ ಹತ್ತಿರವೇ, ಅದರಲ್ಲೂ ನಮ್ಮ ಬಣ್ಣದ ಚರ್ಮಕ್ಕೆ ಮಾಡಿ ಅನುಭವ ಇರುವವರ ಹತ್ತಿರವೇ ಹೋಗಬೇಕು. ಪಾರ್ಲರಿನಲ್ಲಲ್ಲ.

ಗಟ್ಟಿ ಪುರಾವೆ ಇರುವುದು ಅಗ್ಗದ ಉಪಾಯಗಳಿಗೆ. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇಕಡ 24 ಕಡಿಮೆಯಿತ್ತು. ಅವರು ಮುಪ್ಪನ್ನು ಅಳೆದದ್ದು ಮುಖದಲ್ಲಲ್ಲ, ಕೈಯ ಹಿಂಬದಿಯ ಚರ್ಮದ ಅಚ್ಚು ತೆಗೆದು. ಬಿಳಿ ಚರ್ಮದವರೇ ಹೆಚ್ಚಿದ್ದ ಊರಿನ ಲೆಕ್ಕವದು, ಹಾಗೇ ನಮಗೆ ಅನ್ವಯಿಸಲಾಗದು. ಅದರ ದಿಕ್ಕು ಮಾತ್ರ ಗಂಗಾವತಿಯ ಅಂಗಿಯ ತೋಳು ತೋರಿಸುವ ದಿಕ್ಕೇ. ಕೆಸರಿನಲ್ಲಿ ಸನ್‌ಸ್ಕ್ರೀನ್ ನಿಲ್ಲುವುದಿಲ್ಲ, ಅಲ್ಲಿ ಬಟ್ಟೆಯೇ ಮದ್ದು. ಸ್ಕೂಟಿಯಲ್ಲಿ ಕಾಲೇಜಿಗೆ, ಕಚೇರಿಗೆ ಹೋಗುವ ಹುಡುಗಿಯರು ತೊಡುವ ಉದ್ದ ಕೈಗವಸು ಯಾವ ಕ್ರೀಮಿಗಿಂತಲೂ ಹೆಚ್ಚು ಕಾಪಾಡುತ್ತದೆ.

ಈಗಾಗಲೇ ಬಂದ ಕಲೆಗೆ ಟ್ರೆಟಿನಾಯ್ನ್ ಒಂದನ್ನೇ ವೈದ್ಯರು ಕೊಡುವುದುಂಟು. ಮಿಷಿಗನ್ ವಿಶ್ವವಿದ್ಯಾಲಯದವರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮುಖ, ಕೈಗಳ ಬಿಸಿಲುಕಲೆ ಹತ್ತು ತಿಂಗಳಲ್ಲಿ ತಿಳಿಯಾಯಿತು. ನಿಧಾನ, ಉರಿ, ಬಸುರಿಯರು ಬಳಸಬಾರದು ಎಂಬ ಮಿತಿಗಳಿವೆ. ಒಡೆದ ಕೈಗೆ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದು ಕಡಿಮೆ. ಕೈ ತೊಳೆದು, ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಅದಿಲ್ಲದಿದ್ದರೆ ಕೊಬ್ಬರಿ ಎಣ್ಣೆಯಾದರೂ ಆದೀತು. ಯೂರಿಯಾ ಇರುವ ಕ್ರೀಮೂ ಒಣಚರ್ಮಕ್ಕೆ ಒಳ್ಳೆಯದು. ಹೆಸರು ಒಂದೇ ಎಂದು ಗದ್ದೆಯ ಗೊಬ್ಬರವನ್ನು ಯಾರೂ ಕೈಗೆ ಹಚ್ಚಬಾರದು.

ದುಡಿಯುವವರಿಗೆ ಕೈಯ ಚೆಲುವು ಯಾಕೆ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಮಗಳ ಮದುವೆಯಲ್ಲಿ ಹಸಿರು ಬಳೆ ತೊಟ್ಟು ಕೈ ಮುಂದೆ ಚಾಚುವಾಗ "ನನ್ನ ಕೈ ನೋಡಿದ್ರ ಮುದುಕಿ ಆದಂಗ ಕಾಣಸ್ತೈತಿ" ಎಂದು ಸೆರಗಿನೊಳಗೆ ಎಳೆದುಕೊಳ್ಳುವ ತಾಯಿಯ ಬಯಕೆ ಚಿಕ್ಕದಲ್ಲ. ಅದನ್ನು ಹೀಗಳೆದವರು ಅವಳನ್ನು ನೇರವಾಗಿ ಆ ಟ್ಯೂಬಿನ ಕೈಗೆ ಕೊಡುತ್ತಾರೆ. ಇನ್ನೊಂದು ಕಡೆ ಸವೆದ ಕೈ ಹೊಟ್ಟೆಯ ಪ್ರಶ್ನೆಯೂ ಆಗಿದೆ. ಬೆರಳ ತುದಿಯ ಗೆರೆ ಸವೆದು ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ "ತಂಬು ಬರವಲ್ದು" ಎಂದು ಮತ್ತೆ ಮತ್ತೆ ಒತ್ತುವವರು ನಮ್ಮ ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ಅಂಗೈಯಾಗಲಿ, ಅದರ ಹಿಂಬದಿಯಾಗಲಿ, ಇಲ್ಲಿ ಚರ್ಮವನ್ನು ಕಾಯುವುದು ಅಲಂಕಾರಕ್ಕಿಂತ ಮೊದಲು ಆರೋಗ್ಯದ ಕೆಲಸ.

ಆದ್ದರಿಂದ ನನ್ನ ತೀರ್ಪು ಹೀಗೆ: ಫಿಲ್ಲರು, ಲೇಸರುಗಳು ಉಳ್ಳವರ ಆಯ್ಕೆ, ತಿಳಿದು ಮಾಡಿಸಿಕೊಂಡರೆ ತಪ್ಪಿಲ್ಲ. ಚೀಟಿಯಿಲ್ಲದ ಮಿಶ್ರಣದ ಕ್ರೀಮು ಯಾರಿಗೂ ಸಲ್ಲದು. ಭಾಗ್ಯನಗರದ ಕೂದಲಿನ ಘಟಕಗಳ ಮಾಲೀಕರು, ಗಂಗಾವತಿಯ ಗದ್ದೆಯ ಯಜಮಾನರು ಕೂಲಿಯ ಜೊತೆ ಕೈಗವಸು ಕೊಡಲಿ. ಚೀಟಿಯಿದ್ದರೆ ಮಾತ್ರ ಮಾರಬೇಕೆಂದು ಕೆಂಪು ಗೆರೆ ಹಾಕಿದ ಟ್ಯೂಬನ್ನು ಔಷಧ ಅಂಗಡಿಯವರು ಚೀಟಿ ನೋಡದೆ ಕೊಡದಿರಲಿ. ಕೈಯ ಕೆರೆತ, ಕಪ್ಪು, ಒಡಕು ತಿಂಗಳಾದರೂ ಹೋಗದಿದ್ದರೆ ಅದನ್ನು ವಯಸ್ಸೆಂದು ಒಪ್ಪಿಕೊಳ್ಳಬೇಡಿ. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೂ ತಪ್ಪದೆ ಜೊತೆಗೆ ಒಯ್ಯಿರಿ.