ಅಡವಿಟ್ಟ ಅಭಿಮಾನ

ವ್ಯಾಪಾರದಲ್ಲಿ ಗಿರಾಕಿಯೇ ದೇವರು ಎನ್ನುತ್ತಾರೆ. ಈ ಮಾತಿನ ಹಿಂದೆ ಭಕ್ತಿಗಿಂತ ಭಯವೇ ಹೆಚ್ಚು. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಗಿರಾಕಿ ನಾಳೆ ಎದುರು ಅಂಗಡಿಯ ಮೆಟ್ಟಿಲು ಹತ್ತಿಯಾನು ಎಂಬ ಭಯ ಅದು. ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗೆ ಇಂಥ ಎದುರು ಅಂಗಡಿ ಇಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟ ಕೆಟ್ಟಿತೆಂದೋ ಟಿಕೆಟಿನ ದರ ಏರಿತೆಂದೋ ಅದರ ಅಭಿಮಾನಿಯೊಬ್ಬ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿಗೆ ಜೈಕಾರ ಹಾಕಲಾರ. ಹಾಕಿದನೆಂದರೆ ಅವನ ಮನೆಯವರೇ ಅವನನ್ನು ಮಾತನಾಡಿಸಲಿಕ್ಕಿಲ್ಲ. ಅಜ್ಜನ ಕೈ ಹಿಡಿದು ಮೊದಲ ಆಟ ನೋಡಿದವನು ಮುದುಕನಾದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಅದೇ ಮೈದಾನಕ್ಕೆ ಬರುತ್ತಾನೆ. ಗಿರಾಕಿಗೆ ಇರುವ ಒಂದೇ ಬಲವೆಂದರೆ ಬಿಟ್ಟುಹೋಗುವ ಬಲ. ಅದು ಅಭಿಮಾನಿಗಿಲ್ಲ. ಲಾಭಕ್ಕಾಗಿಯೇ ಕ್ಲಬ್ಬು ಕೊಳ್ಳುವ ಒಡೆಯ ಈ ಸಂಗತಿಯನ್ನು ಅಭಿಮಾನಿಗಿಂತ ಚೆನ್ನಾಗಿ ಬಲ್ಲ.

ಇಂಗ್ಲೆಂಡಿನ ಈ ಕ್ಲಬ್ಬಿನ ಕಥೆಯನ್ನು ನಾನು ಆಟ ನೋಡುವ ಹವ್ಯಾಸದಿಂದ ಬೆನ್ನುಹತ್ತಿದೆನಾದರೂ, ಅದು ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೂತವನು. ಮನೆ ಕೊಳ್ಳುವವರ ಕಾಗದಪತ್ರ ನೋಡುವುದು ನನ್ನ ಹೊಟ್ಟೆಪಾಡಾಗಿತ್ತು. ಕೊಳ್ಳುವವನು ಆ ಮನೆಯನ್ನೇ ಅಡವಿಟ್ಟು ಸಾಲ ಪಡೆಯುತ್ತಾನೆ, ತನ್ನ ಸಂಬಳದಿಂದ ಕಂತು ಕಟ್ಟುತ್ತಾನೆ. ಇದರಲ್ಲಿ ಅನ್ಯಾಯವೇನಿಲ್ಲ. ಈಗ ಹೀಗೊಂದು ಕಲ್ಪನೆ ಮಾಡಿಕೊಳ್ಳಿ. ಒಬ್ಬಾತ ಬಾಡಿಗೆಯವರು ತುಂಬಿರುವ ಹಳೆಯ ವಠಾರವೊಂದನ್ನು ಕೊಳ್ಳುತ್ತಾನೆ. ಬೇಕಾದ ಹಣದ ದೊಡ್ಡ ಪಾಲನ್ನು ಸಾಲ ತರುತ್ತಾನೆ, ಆ ಸಾಲವನ್ನು ವಠಾರದ ಲೆಕ್ಕಕ್ಕೇ ಬರೆಸುತ್ತಾನೆ. ಕಂತನ್ನು ಬಾಡಿಗೆಯಿಂದ ಕಟ್ಟುತ್ತಾನೆ. ಬಡ್ಡಿ ಏರಿದರೆ ಬಾಡಿಗೆ ಏರಿಸುತ್ತಾನೆ, ಮಾಳಿಗೆ ಸೋರಿದರೆ ಕೈಯಲ್ಲಿ ಕಾಸಿಲ್ಲ ಎನ್ನುತ್ತಾನೆ. ಸಾಲ ಕೊಟ್ಟ ಸಾಹುಕಾರನಿಗೆ ಮಾತ್ರ ಚಿಂತೆಯಿಲ್ಲ. ಇಲ್ಲಿಯ ಬಾಡಿಗೆಯವರು ಏನೇ ಆದರೂ ವಠಾರ ಬಿಡುವ ಪೈಕಿಯಲ್ಲ ಎಂಬುದು ಅವನಿಗೆ ಗೊತ್ತು. 2005ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ.

ಆ ವಠಾರ ಕಟ್ಟಿದವರು ಸಾಹುಕಾರರಲ್ಲ. 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿಯ ರೈಲ್ವೆ ಗಾಡಿ ಕಾರ್ಖಾನೆಯ ಕೆಲಸಗಾರರು ಬಿಡುವಿನ ವೇಳೆಯಲ್ಲಿ ಆಡಲೆಂದು ಕಟ್ಟಿಕೊಂಡ ತಂಡ ಅದು. ಅವರ ಅಂಗಿ ಹಸಿರು ಮತ್ತು ಬಂಗಾರದ ಬಣ್ಣದ್ದು. 1902ರಲ್ಲಿ ತಂಡ ಸಾಲದಲ್ಲಿ ಮುಳುಗಿದಾಗ ಜಾನ್ ಹೆನ್ರಿ ಡೇವಿಸ್ ಎಂಬ ಬಿಯರ್ ಭಟ್ಟಿಯ ಧನಿಕ ಕೈಹಿಡಿದ. ಆಗ ಹೆಸರೂ ಬದಲಾಯಿತು, ಬಣ್ಣವೂ ಕೆಂಪಾಯಿತು. 1910ರಲ್ಲಿ ಓಲ್ಡ್ ಟ್ರಾಫರ್ಡ್ ಮೈದಾನ ಎದ್ದಿತು. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ವಿಮಾನ ಬಿದ್ದು 23 ಜನ ಸತ್ತರು, ಅವರಲ್ಲಿ 8 ಜನ ಈ ತಂಡದ ಆಟಗಾರರು. ಹತ್ತು ವರ್ಷಗಳ ಮೇಲೆ, 1968ರಲ್ಲಿ, ಅದೇ ಕ್ಲಬ್ಬು ಯುರೋಪಿಯನ್ ಕಪ್ ಗೆದ್ದುಕೊಂಡು ಬಂತು. ಇಂಥ ಸಾವನ್ನೂ ಇಂಥ ಗೆಲುವನ್ನೂ ಒಟ್ಟಾಗಿ ಕಂಡ ಊರಿನವರು ಕ್ಲಬ್ಬನ್ನು ‘ನಮ್ಮದು’ ಎನ್ನುತ್ತಾರೆ. ಕಾನೂನಿನ ಕಾಗದದಲ್ಲಿ ಅದು ಷೇರುದಾರರದ್ದು. ಈ ಎರಡು ‘ನಮ್ಮದು’ಗಳ ನಡುವಿನ ಬಿರುಕಿನಲ್ಲಿಯೇ ಮುಂದಿನ ಕಥೆಯೆಲ್ಲ ನಡೆದಿದೆ.

ಹಿಂದಿನವರಿಗೆ ಈ ಬಿರುಕು ಕಂಡಿರಲಿಲ್ಲವೆಂದಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಕಟ್ಟಳೆಗಳಲ್ಲಿ 34ನೆಯ ನಿಯಮವೆಂದು ಒಂದಿತ್ತು. ಷೇರುದಾರರಿಗೆ ಹಂಚುವ ಲಾಭಾಂಶಕ್ಕೆ ಅದು ಮಿತಿ ಹಾಕಿತ್ತು. ನಿರ್ದೇಶಕರು ಸಂಬಳ ತೆಗೆದುಕೊಳ್ಳುವಂತಿರಲಿಲ್ಲ. ಕ್ಲಬ್ಬು ಮುಚ್ಚಿದರೆ ಉಳಿದ ಆಸ್ತಿಯನ್ನು ಷೇರುದಾರರು ಬಾಚಿಕೊಳ್ಳುವಂತಿರಲಿಲ್ಲ, ಅದು ಕ್ರೀಡೆಗೋ ಧರ್ಮಕಾರ್ಯಕ್ಕೋ ಹೋಗಬೇಕಿತ್ತು. ಹಣವಂತರು ಕ್ಲಬ್ಬು ನಡೆಸಲಿ, ಆದರೆ ಅದನ್ನು ಹಾಲು ಕರೆಯುವ ಹಸುವಾಗಿ ಮಾಡಿಕೊಳ್ಳದಿರಲಿ ಎಂಬುದು ಅದರ ತಾತ್ಪರ್ಯ. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬಿನವರು ಇದಕ್ಕೊಂದು ಉಪಾಯ ಕಂಡುಹಿಡಿದರು. ಕ್ಲಬ್ಬಿನ ಮೇಲೆ ಇನ್ನೊಂದು ಕಂಪನಿ ಸ್ಥಾಪಿಸಿ, ಅದರ ಷೇರನ್ನು ಪೇಟೆಯಲ್ಲಿ ಮಾರಿದರು. ನಿಯಮ ಇದ್ದದ್ದು ಕ್ಲಬ್ಬಿಗೆ, ಮೇಲಿನ ಕಂಪನಿಗಲ್ಲ. ಕಟ್ಟಳೆ ಕಾಯಬೇಕಾದವರು ಸುಮ್ಮನಿದ್ದರು. ತೂಬು ಒಡೆದ ಮೇಲೆ ನೀರು ನಿಲ್ಲುವುದುಂಟೆ? 1991ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡೂ ಷೇರುಪೇಟೆಗೆ ಬಂತು. 1998ರಲ್ಲಿ ರೂಪರ್ಟ್ ಮರ್ಡಾಕ್‌ನ ಟೆಲಿವಿಷನ್ ಕಂಪನಿ 62.3 ಕೋಟಿ ಪೌಂಡಿಗೆ ಅದನ್ನು ಕೇಳಿತು. ಅಭಿಮಾನಿಗಳು ಸಂಘಟಿತರಾಗಿ ಹೋರಾಡಿದರು, ಏಕಸ್ವಾಮ್ಯ ಆಯೋಗ ಬೇಡವೆಂದಿತು, 1999ರಲ್ಲಿ ಸರ್ಕಾರ ಮಾರಾಟವನ್ನು ತಡೆಯಿತು. ಅಭಿಮಾನಿಗಳು ಗೆದ್ದರು. ಆದರೆ ಅವರು ತಡೆದದ್ದು ಒಬ್ಬ ಗಿರಾಕಿಯನ್ನು ಮಾತ್ರ. ಕ್ಲಬ್ಬು ಸಂತೆಯಲ್ಲೇ ಉಳಿಯಿತು.

ಸಂತೆಯಲ್ಲಿ ಉಳಿದದ್ದು ಎಂಥ ಕಾರಣಕ್ಕೆ ಕೈಬದಲಾಗುತ್ತದೆ ನೋಡಿ. ಶೇಕಡಾ 28.7ರಷ್ಟು ಪಾಲು ಐರ್ಲೆಂಡಿನ ಇಬ್ಬರು ಕುದುರೆ ಸಾಹುಕಾರರ ಕೈಯಲ್ಲಿತ್ತು. ಅವರಲ್ಲೊಬ್ಬನಿಗೂ ತಂಡದ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್‌ಗೂ ‘ರಾಕ್ ಆಫ್ ಜಿಬ್ರಾಲ್ಟರ್’ ಎಂಬ ರೇಸುಕುದುರೆಯ ಗಳಿಕೆಯ ಬಗ್ಗೆ ಜಗಳ ಹತ್ತಿ, 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಮರುವರ್ಷ ಮೇ ತಿಂಗಳಲ್ಲಿ ಆ ಇಬ್ಬರೂ ತಮ್ಮ ಪಾಲನ್ನು ಅಮೆರಿಕದ ಮಾಲ್ಕಂ ಗ್ಲೇಜರ್‌ಗೆ ಮಾರಿದರು. ಕ್ಲಬ್ಬಿನ ಒಟ್ಟು ಬೆಲೆ 79 ಕೋಟಿ ಪೌಂಡ್. ಅದರಲ್ಲಿ ಅರ್ಧಕ್ಕೂ ಹೆಚ್ಚು ಸಾಲದ ಹಣ. ಅಲ್ಲಿಯ ತನಕ ಸಾಲವಿಲ್ಲದಿದ್ದ ಕ್ಲಬ್ಬು, ತನ್ನನ್ನು ಕೊಳ್ಳಲು ಬಂದವನ ಸಾಲವನ್ನು ತಾನೇ ಹೊರತೊಡಗಿತು. ಅಲ್ಲಿಂದ ಈಚೆಗೆ ಬಡ್ಡಿ, ಶುಲ್ಕ, ಲಾಭಾಂಶಗಳ ಬಾಬತ್ತಿನಲ್ಲಿ ಹೊರಹೋದ ಹಣ 100 ಕೋಟಿ ಪೌಂಡನ್ನು ದಾಟಿದೆ ಎಂದು ಅಲ್ಲಿಯ ಪತ್ರಿಕೆಗಳು ಲೆಕ್ಕ ಹಾಕಿವೆ.

ಇಷ್ಟಾದರೂ ಮೊದಲ ವರ್ಷಗಳಲ್ಲಿ ಸಿಟ್ಟು ಏಕೆ ಉರಿದು ಮೇಲೇಳಲಿಲ್ಲ? ತಂಡ ಗೆಲ್ಲುತ್ತಿತ್ತು. 2007ರಿಂದ 2013ರ ಒಳಗೆ ಐದು ಬಾರಿ ಲೀಗ್ ಪ್ರಶಸ್ತಿ, 2008ರಲ್ಲಿ ಚಾಂಪಿಯನ್ಸ್ ಲೀಗ್. ಫರ್ಗುಸನ್‌ನ ಪ್ರತಿಭೆ ಒಡೆಯನ ಲೆಕ್ಕಪುಸ್ತಕಕ್ಕೆ ರೇಷ್ಮೆಯ ಹೊದಿಕೆಯಾಯಿತು. 2010ರಲ್ಲಿ ಹಳೆಯ ಸಾಲ ತೀರಿಸಲು 50 ಕೋಟಿ ಪೌಂಡಿನ ಹೊಸ ಸಾಲಪತ್ರ ಹೊರಡಿಸಿದಾಗ ಒಂದು ಅಲೆ ಎದ್ದಿತು. ಅಭಿಮಾನಿಗಳು ಕೆಂಪು ಬಿಟ್ಟು ನ್ಯೂಟನ್ ಹೀತಿನ ಹಸಿರು-ಬಂಗಾರದ ಶಾಲು ಹೊದ್ದು ಬಂದರು. ಎದುರು ತಂಡದಲ್ಲಿ ಆಡಲು ಬಂದಿದ್ದ ಡೇವಿಡ್ ಬೆಕ್‌ಹ್ಯಾಮ್ ಕೂಡ ಆಟ ಮುಗಿದ ಮೇಲೆ ಅಂಥದೊಂದನ್ನು ಕೊರಳಿಗೆ ಸುತ್ತಿಕೊಂಡ. ಇಡೀ ಮೈದಾನ ಹಸಿರಾಗಿ ಕಂಡಿತು. ಒಡೆಯ ಅಲುಗಲಿಲ್ಲ. ಹಸಿರು ಶಾಲು ಹೊದ್ದವರೂ ಬಾಗಿಲಲ್ಲಿ ಟಿಕೆಟು ತೋರಿಸಿಯೇ ಒಳಬಂದಿದ್ದರಲ್ಲ! ಅವನ ಪುಸ್ತಕದಲ್ಲಿ ಶಾಲಿನ ಬಣ್ಣಕ್ಕೆ ಕಾಲಂ ಇಲ್ಲ.

2012ರಲ್ಲಿ ಗ್ಲೇಜರ್ ಕುಟುಂಬ ಕ್ಲಬ್ಬಿನ ಒಂದಿಷ್ಟು ಷೇರುಗಳನ್ನು ನ್ಯೂಯಾರ್ಕಿನ ಪೇಟೆಯಲ್ಲಿ ಮಾರಿತು. ಬಂದ ಹಣದಲ್ಲಿ ಅರ್ಧ ಕುಟುಂಬದ ಜೇಬಿಗೆ ಹೋಯಿತು. ತಮ್ಮ ಬಳಿ ಇರಿಸಿಕೊಂಡ ಷೇರೊಂದಕ್ಕೆ ಹತ್ತು ಮತ, ಮಾರಿದ ಷೇರಿಗೆ ಒಂದೇ ಮತ. ಆಗ ಹೂಡಿಕೆದಾರರಿಗೆ ಕೊಟ್ಟ ದಸ್ತಾವೇಜಿನಲ್ಲಿ ಜಗತ್ತಿನಾದ್ಯಂತ ಕ್ಲಬ್ಬಿಗೆ 65.9 ಕೋಟಿ ಅನುಯಾಯಿಗಳಿದ್ದಾರೆಂದು ಹೇಳಿಕೊಂಡಿದ್ದರು. ಅದನ್ನು ಓದಿದಾಗ ನನಗೆ ನಗು ಬಂತು, ಕಸಿವಿಸಿಯೂ ಆಯಿತು. ಧಾರವಾಡದಲ್ಲಿ ಶನಿವಾರ ರಾತ್ರಿ ಟಿ.ವಿ. ಮುಂದೆ ಕೂತು ಆಟ ನೋಡುವ ನನ್ನಂಥವರನ್ನೂ ಹಿಡಿದು ಮಾಡಿದ ಲೆಕ್ಕವದು. ಹೆಂಡತಿಗೆ ಹೇಳಿದೆ. “ಹಂಗಾರ ನಿಮ್ಮ ಹೆಸರಿನ ಮ್ಯಾಲೂ ಸಾಲ ಎತ್ತ್ಯಾರೇನ್ರಿ?” ಎಂದಳು. ಬ್ಯಾಂಕಿನಲ್ಲಿ ಕೂತು ನಾನು ಕಲಿತದ್ದನ್ನೆಲ್ಲ ಆಕೆ ಒಂದು ಮಾತಿನಲ್ಲಿ ಮುಗಿಸಿದಳು. ಹೌದು, ಸಾಲಕ್ಕೆ ಒತ್ತೆಯಿಟ್ಟದ್ದು ಬರೀ ಮೈದಾನವಲ್ಲ, ಬಿಟ್ಟುಹೋಗಲಾರದವರ ಪ್ರೀತಿ. ಅದಕ್ಕೆ ಯಾರ ಸಹಿಯನ್ನೂ ಕೇಳಲಿಲ್ಲ.

ಈ ವ್ಯವಹಾರ ಆಟಕ್ಕೆ ಮಾಡುವ ನಿಜವಾದ ಕೇಡು ಟಿಕೆಟಿನ ಬೆಲೆಗಿಂತ ದೊಡ್ಡದು. ಸಾಲ ಕೊಟ್ಟವನಿಗೆ ಬೇಕಾದದ್ದು ನಿಶ್ಚಿತ ಆದಾಯ. ಆಟದ ಜೀವವಿರುವುದು ಅನಿಶ್ಚಿತದಲ್ಲಿ. ದೊಡ್ಡ ತಂಡ ಸೋಲಬಹುದು, ಕೆಳಗಿನ ವರ್ಗಕ್ಕೆ ಇಳಿಯಬಹುದು, ಯಾರೂ ಕೇಳರಿಯದ ಊರಿನ ತಂಡ ಮೇಲೇರಬಹುದು. 2021ರ ಏಪ್ರಿಲ್ 18ರಂದು ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ‘ಸೂಪರ್ ಲೀಗ್’ ಘೋಷಿಸಿದವು. ಅದರಲ್ಲಿ ಇಂಗ್ಲೆಂಡಿನವು ಆರು, ಮ್ಯಾಂಚೆಸ್ಟರ್ ಯುನೈಟೆಡ್ ಒಂದು. ಸ್ಥಾಪಕ ಕ್ಲಬ್ಬುಗಳು ಎಷ್ಟು ಸೋತರೂ ಹೊರಹೋಗಬೇಕಿರಲಿಲ್ಲ. ಸೋಲಿಗೆ ಬೆಲೆಯೇ ಇಲ್ಲದ ಕಡೆ ಗೆಲುವಿಗೆ ಏನು ಬೆಲೆ? ಎರಡೇ ದಿನಗಳಲ್ಲಿ ಅಭಿಮಾನಿಗಳ ರೋಷಕ್ಕೆ ಬೆದರಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಮೇ 2ರಂದು ಓಲ್ಡ್ ಟ್ರಾಫರ್ಡಿಗೆ ನುಗ್ಗಿದ ಜನ ಲಿವರ್‌ಪೂಲ್ ಎದುರಿನ ಆಟವನ್ನೇ ನಿಲ್ಲಿಸಿದರು. ಹದಿನಾರು ವರ್ಷಗಳಲ್ಲಿ ಒಡೆಯರಿಗೆ ತಟ್ಟಿದ ಪ್ರತಿಭಟನೆ ಅದು. ಅಂದು ಟಿಕೆಟು ತೋರಿಸಿ ಒಳಬಂದವರು ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ಅಭಿಮಾನಿಗಳು ಕಾದದ್ದು ಒಳ್ಳೆಯ ಒಡೆಯನಿಗಾಗಿ. 2024ರ ಫೆಬ್ರವರಿಯಲ್ಲಿ ಜಿಮ್ ರ‍್ಯಾಟ್‌ಕ್ಲಿಫ್ ಶೇಕಡಾ 27.7 ಪಾಲು ಕೊಂಡು ಆಟದ ಆಡಳಿತ ವಹಿಸಿಕೊಂಡಾಗ ಬಹಳ ಜನ ನಿಟ್ಟುಸಿರು ಬಿಟ್ಟರು. ಆತ ಮ್ಯಾಂಚೆಸ್ಟರಿನ ಪಕ್ಕದಲ್ಲೇ ಹುಟ್ಟಿದವ, ಚಿಕ್ಕಂದಿನಿಂದ ಅದೇ ತಂಡದ ಅಭಿಮಾನಿ. ಬಹುಪಾಲು ಗ್ಲೇಜರ್ ಕುಟುಂಬದಲ್ಲೇ ಉಳಿದಿತ್ತು. ಆ ಮೇ ತಿಂಗಳಲ್ಲಿ ಆರ್ಸೆನಲ್ ಎದುರಿನ ಆಟ ಮುಗಿಯುವ ಹೊತ್ತಿಗೆ ಮಳೆ ಸುರಿದು ಓಲ್ಡ್ ಟ್ರಾಫರ್ಡಿನ ಸೂರಿನಿಂದ ಜಲಪಾತವೇ ಇಳಿಯಿತು. ಅದೇ ವರ್ಷ ಸುಮಾರು 250 ನೌಕರರು ಕೆಲಸ ಕಳೆದುಕೊಂಡರು. ವರ್ಷದ ಕೊನೆಗೆ, ಋತುವಿನ ನಡುವೆಯೇ, ಸದಸ್ಯರಿಗೆ ಉಳಿದಿದ್ದ ಟಿಕೆಟುಗಳ ಬೆಲೆ 66 ಪೌಂಡ್ ಎಂದಾಯಿತು. ಮಕ್ಕಳಿಗೂ ಅಷ್ಟೇ, ಪಿಂಚಣಿಯ ಮುದುಕರಿಗೂ ಅಷ್ಟೇ. ಅಜ್ಜ-ಮೊಮ್ಮಗ ಜೋಡಿಯ ಮಾತು ಮೊದಲೇ ಹೇಳಿದೆನಲ್ಲ, ಬರೆ ಬಿದ್ದದ್ದು ಆ ಜೋಡಿಗೇ. 2024-25ರ ಲೀಗಿನಲ್ಲಿ ತಂಡ 15ನೆಯ ಸ್ಥಾನಕ್ಕೆ ಇಳಿಯಿತು. ಒಡೆಯ ನಮ್ಮೂರಿನವನಾದ ಮಾತ್ರಕ್ಕೆ ಬಡ್ಡಿ ಬಿಡುವುದಿಲ್ಲ.

ಇಲ್ಲಿ ಅಭಿಮಾನಿಗಳ ಬಗ್ಗೆಯೂ ಒಂದು ಕಟುಮಾತು ಹೇಳಬೇಕು. ನ್ಯೂಕಾಸಲ್ ಕ್ಲಬ್ಬನ್ನು ಮೈಕ್ ಆಶ್ಲಿ ಎಂಬ ವ್ಯಾಪಾರಿ 2007ರಿಂದ 2021ರವರೆಗೆ ಹಿಡಿದುಕೊಂಡಿದ್ದ. ಖರ್ಚು ಮಾಡದ ಜಿಪುಣನೆಂದು ಅಲ್ಲಿಯವರು ಅವನನ್ನು ಶಪಿಸುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿ ಮುಂದಾಗಿ ಕ್ಲಬ್ಬನ್ನು ಕೊಂಡಾಗ ಸಾವಿರಾರು ಜನ ಮೈದಾನದ ಹೊರಗೆ ಕುಣಿದರು. ಅಂದರೆ ಅವರ ತಕರಾರು ಒಡೆತನದ ಮೇಲಲ್ಲ, ಒಡೆಯನ ಕೈಬಿಗಿಯ ಮೇಲೆ. ವ್ಯಾಪಾರಿ ಬೇಡ, ದೊರೆ ಬೇಕು. ದೊರೆಯ ಹಣ ಎಲ್ಲಿಂದ ಬಂತು, ಅವನ ನಾಡಿನಲ್ಲಿ ಬಾಯಿಬಿಟ್ಟವರ ಗತಿ ಏನು ಎಂದು ಕೇಳಿದವರು ಸ್ವಲ್ಪ ಜನ. ಲಾಭಕೋರನ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಕೊನೆಗೆ ಉದಾರಿಯಾದ ಯಜಮಾನನನ್ನು ಬೇಡುವುದರಲ್ಲಿ ಮುಗಿದರೆ, ಬಾಡಿಗೆಯವನು ಬಾಡಿಗೆಯವನಾಗಿಯೇ ಉಳಿಯುತ್ತಾನೆ.

ಬೇರೆ ದಾರಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ 1998ರಲ್ಲಿ ಕ್ಲಬ್ಬುಗಳು ಕಂಪನಿಗಳಾಗಲು ಅವಕಾಶ ಕೊಟ್ಟಾಗಲೇ, ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲಿರಬೇಕೆಂದು ನಿಯಮ ಮಾಡಿದರು. ಅದಕ್ಕೆ ಕೆಲವು ವಿನಾಯಿತಿಗಳಿವೆ, ನುಸುಳಿದವರೂ ಇದ್ದಾರೆ. ಆದರೂ ಗೋಡೆ ನಿಂತಿದೆ. ಇಂಗ್ಲೆಂಡ್ ತಾನು ಕೆಡವಿಕೊಂಡ ಬೇಲಿಯ ಒಂದಿಷ್ಟನ್ನು 2025ರಲ್ಲಿ ಮತ್ತೆ ನೆಟ್ಟಿತು. ಆ ವರ್ಷ ಬಂದ ಕಾನೂನಿನಿಂದ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕರೊಬ್ಬರ ಏರ್ಪಾಡಾಯಿತು. ಕಾನೂನಿಗೆ ಹಲ್ಲು ಎಷ್ಟಿದೆಯೆಂಬುದು ಅದು ಕಚ್ಚಬೇಕಾದ ದಿನ ತಿಳಿಯುತ್ತದೆ.

ಇವೆಲ್ಲಕ್ಕಿಂತ ಚಿಕ್ಕದಾದರೂ ನನಗೆ ಹೆಚ್ಚು ಮುಖ್ಯವೆನಿಸುವ ಉದಾಹರಣೆ ಮ್ಯಾಂಚೆಸ್ಟರಿನಲ್ಲೇ ಇದೆ. 2005ರಲ್ಲಿ ಗ್ಲೇಜರ್ ಬಂದ ಕೂಡಲೆ ಕೆಲವು ಅಭಿಮಾನಿಗಳು ಅಸಾಧ್ಯವೆನ್ನುವುದನ್ನು ಮಾಡಿದರು, ಬಿಟ್ಟುಹೋದರು. ಎದುರು ತಂಡಕ್ಕಲ್ಲ, ತಾವೇ ಕಟ್ಟಿದ ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಪುಟ್ಟ ಕ್ಲಬ್ಬಿಗೆ. ಸದಸ್ಯನೊಬ್ಬನಿಗೆ ಒಂದು ಮತ, ಎಷ್ಟೇ ಹಣ ಹಾಕಿದ್ದರೂ ಒಂದೇ ಮತ. 2015ರಲ್ಲಿ ಮೋಸ್ಟನ್ ಎಂಬಲ್ಲಿ ಸ್ವಂತ ಮೈದಾನ ಮಾಡಿಕೊಂಡರು, ಅದಕ್ಕಾಗಿ ಸುಮಾರು 20 ಲಕ್ಷ ಪೌಂಡನ್ನು ಅಭಿಮಾನಿಗಳೇ ಕೂಡಿಸಿದರು. ಅಲ್ಲಿ ಹಿಡಿಸುವುದು ನಾಲ್ಕು ಸಾವಿರ ಚಿಲ್ಲರೆ ಜನ. ಆಟ ಕೆಳದರ್ಜೆಯ ಲೀಗಿನದು. ಟಿ.ವಿ.ಯಲ್ಲಿ ಕಾಣುವುದಿಲ್ಲ. ಜಗಳವೂ ಆಯಿತು. 2016ರಲ್ಲಿ ಸದಸ್ಯರು ಆಡಳಿತದ ಮೇಲೆ ತಿರುಗಿಬಿದ್ದು, ಕ್ಲಬ್ಬು ಕಟ್ಟಿ ಬೆಳೆಸಿದ್ದವರೇ ಸ್ಥಾನ ಬಿಡಬೇಕಾಯಿತು. ಇದನ್ನು ಎತ್ತಿ ತೋರಿಸಿ, ಜನರ ಕೈಗೆ ಕೊಟ್ಟರೆ ಹೀಗೇ ಆಗುವುದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಓಲ್ಡ್ ಟ್ರಾಫರ್ಡಿನ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನ ವರ್ಷಗಟ್ಟಲೆ ಕೂಗಿ ಮಾಡಲಾಗದ್ದನ್ನು ಮೋಸ್ಟನ್ನಿನವರು ಸಭೆ ಕರೆದು, ಕೈಯೆತ್ತಿ ಮಾಡಿದರು. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡವರು ಅದನ್ನು ತೊಟ್ಟುಕೊಳ್ಳುವಾಗ ಮನೆಯಲ್ಲಿ ಒಂದೆರಡು ಮಾತು ಬರುವುದು ಇದ್ದದ್ದೇ.