ವಿಪ್ರಲಂಭವೋ ಕರುಣವೋ: ‘ಪಿಂಕ್ ಫ್ಲಾಯ್ಡ್’ ಗೋಷ್ಠಿಯ ಒಂದು ಕೃತಿಯ ರಸವಿಚಾರ

ವಿಯೋಗವನ್ನು ವರ್ಣಿಸುವ ಕೃತಿಯೆಲ್ಲವೂ ಕರುಣರಸಪ್ರಧಾನವೆಂದು ತಿಳಿಯುವ ವಾಡಿಕೆ ಉಂಟು. ಲಾಕ್ಷಣಿಕರು ಇದನ್ನು ಒಪ್ಪರು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಕರುಣವನ್ನು ನಿರಪೇಕ್ಷವೆಂದೂ ವಿಪ್ರಲಂಭವನ್ನು ಸಾಪೇಕ್ಷವೆಂದೂ ವಿಭಾಗಿಸಿದ್ದಾನೆ. ಅಗಲಿದವರು ಮರಳಿ ಬಂದಾರೆಂಬ ಆಸೆಯ ಎಳೆ ಉಳಿದಿರುವವರೆಗೆ ವಿಪ್ರಲಂಭ. ಅದು ಕಡಿದರೆ ಕರುಣ. ಆಂಗ್ಲದೇಶದ ರಾಕ್ ಸಂಗೀತದ ಗೋಷ್ಠಿಯಾದ ‘ಪಿಂಕ್ ಫ್ಲಾಯ್ಡ್’ 1975ರಲ್ಲಿ ಹೊರತಂದ ‘ವಿಷ್ ಯೂ ವರ್ ಹಿಯರ್’ ಎಂಬ ಗೀತಸಂಪುಟವು ಈ ವಿಭಾಗಕ್ಕೆ ಒಳ್ಳೆಯ ಒರೆಗಲ್ಲಾಗಿದೆ.

ಗೋಷ್ಠಿಯು 1965ರಲ್ಲಿ ಲಂಡನ್ ನಗರದಲ್ಲಿ ರೂಪುಗೊಂಡಿತು. ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಎಂಬ ನಾಲ್ವರಲ್ಲಿ ಬ್ಯಾರೆಟ್ಟನೇ ಮುಖ್ಯ ಗೀತಕರ್ತೃ. 1967ರ ಮೊದಲ ಸಂಪುಟದ ಬಹುಭಾಗ ಆತನ ರಚನೆ. ಮಾದಕದ್ರವ್ಯಗಳ ಸೇವನೆಯೂ ಚಿತ್ತಸ್ವಾಸ್ಥ್ಯದ ಹಾನಿಯೂ ಸೇರಿ ಆತನು 1968ರಲ್ಲಿ ಗೋಷ್ಠಿಯನ್ನು ಅಗಲಬೇಕಾಯಿತು. ಡೇವಿಡ್ ಗಿಲ್ಮೋರನು ಆ ಸ್ಥಾನವನ್ನು ತುಂಬಿದನು. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಗೋಷ್ಠಿಯನ್ನು ಲೋಕವಿಖ್ಯಾತವಾಗಿ ಮಾಡಿತು. ಆ ಉತ್ಕರ್ಷದ ಶಿಖರದಿಂದ ಹಿಂದಿರುಗಿ ನೋಡಿದಾಗ ಹುಟ್ಟಿದುದು ಪ್ರಕೃತ ಸಂಪುಟ.

ಇದರಲ್ಲಿರುವುವು ಐದೇ ಗೀತಗಳು. ಬ್ಯಾರೆಟ್ಟನನ್ನು ಕುರಿತ ‘ಷೈನ್ ಆನ್ ಯೂ ಕ್ರೇಜಿ ಡೈಮಂಡ್’ ಎಂಬ ಒಂಬತ್ತು ಭಾಗಗಳ ಗೀತವನ್ನು ಎರಡಾಗಿ ಸೀಳಿ ಆದಿಯಲ್ಲಿಯೂ ಅಂತ್ಯದಲ್ಲಿಯೂ ಇರಿಸಿದೆ. ರಚನೆಯೇ ವಿಯೋಗವನ್ನು ಧ್ವನಿಸುತ್ತದೆ. ಮೊದಲ ನುಡಿ ಕೇಳುವ ಮುನ್ನ ಎಂಟು ನಿಮಿಷಕ್ಕೂ ಮಿಕ್ಕು ವಾದ್ಯಗಳೇ ನಡೆಯುವುವು. ಬಾರದವನ ದಾರಿಯನ್ನು ಕಾಯುವವರ ವಿಳಂಬವಿದು.

ಧ್ವನಿಮುದ್ರಣ ನಡೆಯುತ್ತಿದ್ದ 1975ರ ಜೂನ್ ತಿಂಗಳಲ್ಲಿ ಬ್ಯಾರೆಟ್ಟನು ತಾನಾಗಿಯೇ ಅಲ್ಲಿಗೆ ಬಂದನು. ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡು ಸ್ಥೂಲಕಾಯನಾಗಿದ್ದ ಆತನನ್ನು ಗೆಳೆಯರು ಮೊದಲಿಗೆ ಗುರುತಿಸಲಾರದೆ ಹೋದರು. ‘ಬಂದವನೂ ಹಿಂದಿನವನಲ್ಲದ ಮೇಲೆ ಆಸೆಗೆ ಎಡೆಯೆಲ್ಲಿ? ಆದುದರಿಂದ ಇಲ್ಲಿ ಕರುಣವೇ ಅಂಗಿ’ ಎಂದು ಪೂರ್ವಪಕ್ಷವನ್ನು ಹೂಡಬಹುದು. ಅದು ನಿಲ್ಲದು. ಆ ಮುಖ್ಯಗೀತವನ್ನು 1974ರಲ್ಲಿಯೇ ಸಭೆಗಳಲ್ಲಿ ಹಾಡಿದ್ದರು. ಆ ಭೇಟಿಯು ಕರ್ತೃಗಳ ಚರಿತ್ರೆಗೆ ಸೇರಿದುದು, ಕೃತಿಯ ಶರೀರಕ್ಕಲ್ಲ. ಕೃತಿಯೊಳಗಾದರೋ ಅಗಲಿದವನನ್ನು ‘ನೀನು’ ಎಂದೇ ಸಂಬೋಧಿಸಿದೆ. ‘ನೀನು ಇಲ್ಲಿರಬಾರದೆ’ ಎಂಬ ಅಭಿಲಾಷೆಯೇ ಸಂಪುಟದ ಹೆಸರು. ಅಪೇಕ್ಷೆಯಿಲ್ಲದೆಡೆ ಅಭಿಲಾಷೆ ಹುಟ್ಟದು.

ವಿಪ್ರಲಂಭವು ಶೃಂಗಾರದ ಭೇದ. ಗೆಳೆಯರ ನಡುವೆ ಅದು ಹೇಗೆ ಸಲ್ಲುವುದೆಂಬ ಆಕ್ಷೇಪಕ್ಕೆ ರುದ್ರಟನಲ್ಲಿ ಸಮಾಧಾನವಿದೆ. ಸ್ನೇಹವನ್ನು ಸ್ಥಾಯಿಯಾಗಿ ಉಳ್ಳ ‘ಪ್ರೇಯ’ವೆಂಬ ರಸವನ್ನು ಆತನು ಅಂಗೀಕರಿಸಿದ್ದಾನೆ. ರತಿಗೆ ವಿರಹವುಂಟಾದರೆ ಸ್ನೇಹಕ್ಕೂ ಉಂಟು.

ಕೃತಿಯು ನಿರ್ದುಷ್ಟವೆಂದಲ್ಲ. ನಡುವಣ ಎರಡು ಗೀತಗಳು ಸಂಗೀತವ್ಯಾಪಾರದ ಲೋಭವನ್ನು ನಿಂದಿಸುವುವು. ಅವುಗಳಲ್ಲಿ ‘ವೆಲ್ಕಮ್ ಟು ದ ಮಷೀನ್’ ಕಲಾವಿದನನ್ನು ನುಂಗುವ ಯಂತ್ರವನ್ನು ತೋರಿಸಿ ವಿಯೋಗಕ್ಕೆ ಹಿನ್ನೆಲೆಯನ್ನು ಒದಗಿಸುತ್ತದೆ. ‘ಹ್ಯಾವ್ ಎ ಸಿಗಾರ್’ ಗೀತದ ಪರಿಹಾಸವು ಪ್ರಕೃತರಸವನ್ನು ಕೊಂಚ ಸಡಿಲಿಸುತ್ತದೆ.

ಮುಂದೆ ಗೋಷ್ಠಿಯೇ ಒಡೆಯಿತು. ‘ದ ವಾಲ್’ ಸಂಪುಟ ಸಿದ್ಧವಾಗುತ್ತಿದ್ದ 1979ರಲ್ಲಿ ರೈಟನನ್ನು ಹೊರಗಿಟ್ಟರು. 1985ರಲ್ಲಿ ವಾಟರ್ಸನು ಬಿಟ್ಟುಹೋದನು. ಹೆಸರಿನ ಹಕ್ಕಿನ ವ್ಯಾಜ್ಯವು 1987ರಲ್ಲಿ ರಾಜಿಯಾಯಿತು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನ ‘ಲೈವ್ 8’ ಸಭೆಯಲ್ಲಿ ವಾಟರ್ಸ್, ಗಿಲ್ಮೋರ್, ರೈಟ್, ಮೇಸನ್ ನಾಲ್ವರೂ 24 ವರ್ಷಗಳ ತರುವಾಯ ಕೂಡಿ ಹಾಡಿದರು. ಪ್ರಕೃತ ಸಂಪುಟದ ಹೆಸರಿನ ಗೀತವನ್ನು ವಾಟರ್ಸನು ಅಲ್ಲಿಲ್ಲದವರಿಗೆ, ವಿಶೇಷವಾಗಿ ಬ್ಯಾರೆಟ್ಟನಿಗೆ ಅರ್ಪಿಸಿದನು. ಸಮಾಗಮದ ವೇದಿಕೆಯಲ್ಲಿಯೂ ವಿರಹಗಾನವು ಅನುಚಿತವಾಗಲಿಲ್ಲ. ಏಕೆಂದರೆ ಕರೆಯಬೇಕಾದವನು ಇನ್ನೂ ಜೀವಿಸಿದ್ದನು.

ಬ್ಯಾರೆಟ್ಟನು 2006ರಲ್ಲಿಯೂ ರೈಟನು 2008ರಲ್ಲಿಯೂ ಕಾಲವಾದರು. ಇದನ್ನು ಬಲ್ಲ ಇಂದಿನ ಸಹೃದಯನಿಗೆ ಅದೇ ಗೀತದಲ್ಲಿ ಶೋಕವು ಉದಿಸುವುದು ಸಹಜ. ಆದರೆ ಆ ಶೋಕವನ್ನು ತಂದುದು ಕಾಲ, ಕೃತಿಯಲ್ಲ. ಕರ್ತೃಗಳ ಮರಣದಿಂದ ಕೃತಿಯ ರಸವನ್ನು ನಿರ್ಣಯಿಸತೊಡಗಿದರೆ, ಪ್ರಾಚೀನ ಕಾವ್ಯವೆಲ್ಲವೂ ಕರುಣವೇ ಆಗಬೇಕಾದೀತು. ಸಂಪುಟದ ಅಂಗಿರಸವು ಸ್ನೇಹಮೂಲವಾದ ವಿಪ್ರಲಂಭವೆಂದೇ ಸಿದ್ಧಾಂತ.